ಕುದುರೆ ಸವಾರರ ಬಟ್ಟೆ ಹೊಲಿಯುವ ಸಣ್ಣ ಉದ್ಯಮ: ಚಿಕ್ಕಬಳ್ಳಾಪುರದಿಂದ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕುದುರೆ ಸವಾರಿ ಅಂದರೆ ದುಡ್ಡಿದ್ದವರ ಶೋಕಿ, ನಮಗೇನು ಸಂಬಂಧ ಅಂತ ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಸವಾರಿ ಯಾರಾದರೂ ಮಾಡಲಿ, ಅವರ ಪ್ಯಾಂಟ್ ಹೊಲಿಯುವ ಕೈ ಇರುವುದು ನಮ್ಮ ಕಡೆ. ಗೌರಿಬಿದನೂರು, ದೊಡ್ಡಬಳ್ಳಾಪುರ, ತುಮಕೂರು ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗಿ ಬಂದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಗಿರಾಕಿಗಳೂ ದೂರ ಇಲ್ಲ. ಚಿಕ್ಕಬಳ್ಳಾಪುರದಿಂದ ಹೈವೇ ಹಿಡಿದು ಯಲಹಂಕದ ಕಡೆ ಹೊರಟರೆ ಬೆಂಗಳೂರು ಮುಟ್ಟುವ ಮೊದಲೇ ಸವಾರಿ ಶಾಲೆಗಳು ಸಿಗುತ್ತವೆ. ಎಂಬೆಸಿ ರೈಡಿಂಗ್ ಸ್ಕೂಲ್ ಶುರುವಾಗಿದ್ದು 1996ರಲ್ಲಿ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರ್ಮ್ ಇದೆ. ಬೆಂಗಳೂರು, ಮೈಸೂರು ಎರಡು ಕಡೆಯೂ ರೇಸ್ ನಡೆಯುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ (ಕುದುರೆಯ ನಡಿಗೆ, ಸವಾರನ ಹಿಡಿತ ನೋಡಿ ಅಂಕ ಕೊಡುವ ಸ್ಪರ್ಧೆ) ತಂಡ ಚಿನ್ನ ತಂದಿತು.

ಇಷ್ಟಿದ್ದೂ ಸವಾರಿ ಪ್ಯಾಂಟ್ ಬೇಕು ಅಂದರೆ ಜನ ಡೆಕಾಥ್ಲಾನ್‌ನ ಫೂಗಾಂಜಾ ಬ್ರ್ಯಾಂಡ್ ತಗೊಳ್ಳುತ್ತಾರೆ, ಇಲ್ಲ ವಿದೇಶದಿಂದ ಬರುವವರ ಕೈಲಿ ತರಿಸಿಕೊಳ್ಳುತ್ತಾರೆ. ಈ ಎರಡರ ಮಧ್ಯೆ ಒಂದು ಸಣ್ಣ ಜಾಗ ಇದೆ. ಸಣ್ಣದು ಅಂತ ಮೊದಲೇ ಹೇಳಿಬಿಡುತ್ತೇನೆ. ನೂರು ಮೆಷಿನ್ ಹಾಕಿ ನಡೆಸುವ ವ್ಯಾಪಾರ ಇದಲ್ಲ. ಮೂರು ನಾಲ್ಕು ಮೆಷಿನ್, ಒಬ್ಬ ಒಳ್ಳೆಯ ಟೈಲರ್, ಒಂದೇ ಒಂದು ಪ್ಯಾಂಟ್. ಅಷ್ಟರಿಂದ ಶುರು ಮಾಡುವವರಿಗೆ ಮಾತ್ರ ಈ ಬರಹ.

ಮೊದಲು ಗಿರಾಕಿ ಯಾರು ಅಂತ ಗೊತ್ತು ಮಾಡಿಕೊಳ್ಳಿ

ಕುದುರೆ ಸುತ್ತ ಇರುವವರೆಲ್ಲ ಒಂದೇ ಥರದ ಬಟ್ಟೆ ಹಾಕುವುದಿಲ್ಲ. ರೇಸಿನ ಜಾಕಿಗಳಿಗೆ ತೂಕವೇ ದೊಡ್ಡ ಚಿಂತೆ, ಅವರ ಬ್ರೀಚಸ್, ಅಂದರೆ ಬಿಗಿ ಸವಾರಿ ಪ್ಯಾಂಟ್, ಕಾಗದದ ಹಾಗೆ ತೆಳ್ಳಗಿರುತ್ತದೆ. ಮೇಲೆ ಹಾಕುವ ಬಣ್ಣದ ಅಂಗಿ ಕುದುರೆ ಮಾಲೀಕರ ಹೆಸರಿನಲ್ಲಿ ನೋಂದಣಿಯಾದ ಬಣ್ಣದ್ದು, ಒಂದು ಪಟ್ಟೆ ಹೆಚ್ಚು ಕಡಿಮೆ ಆಗುವಂತಿಲ್ಲ. ಅದನ್ನು ಹೊಲಿಯುವವರು ಈಗಾಗಲೇ ಇದ್ದಾರೆ ಮತ್ತು ಅವರ ಗಿರಾಕಿ ಅವರನ್ನು ಬಿಟ್ಟು ಬರುವುದು ಕಷ್ಟ. ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯಂಥ ಸರ್ಕಾರಿ ಗಿರಾಕಿಗಳು ಟೆಂಡರ್ ಮೂಲಕ ಕೊಳ್ಳುತ್ತಾರೆ. ಟೆಂಡರ್‌ನಲ್ಲಿ ಹಳೆಯ ಸಪ್ಲೈ ದಾಖಲೆ, ಠೇವಣಿ, ತಡವಾಗಿ ಬರುವ ಬಿಲ್ಲು ಎಲ್ಲ ಇರುತ್ತದೆ. ಹೊಸಬರು ಅತ್ತ ಕಡೆ ನೋಡುವುದೇ ಬೇಡ.

ಉಳಿದವರು ಸವಾರಿ ಕಲಿಯುವ ಮಕ್ಕಳು, ವಾರಕ್ಕೆರಡು ದಿನ ಬರುವ ದೊಡ್ಡವರು, ಸ್ಪರ್ಧೆಗೆ ಹೋಗುವ ಹುಡುಗ ಹುಡುಗಿಯರು. ನನ್ನ ಮಾತು ಕೇಳುವುದಾದರೆ ಮಕ್ಕಳಿಂದ ಶುರು ಮಾಡಿ. ಮಕ್ಕಳು ಬೆಳೆಯುತ್ತಾರೆ, ಹಾಗಾಗಿ ಅದೇ ಮನೆ ಮತ್ತೆ ಕೊಳ್ಳುತ್ತದೆ. ವಿದೇಶಿ ಸೈಜಿನ ಪ್ಯಾಂಟ್ ನಮ್ಮ ಮಕ್ಕಳಿಗೆ ಸೊಂಟದಲ್ಲಿ ಸರಿ ಬಂದರೆ ಕಾಲಿನಲ್ಲಿ ಉದ್ದ, ಕಾಲಿನಲ್ಲಿ ಸರಿ ಬಂದರೆ ತೊಡೆಯಲ್ಲಿ ಬಿಗಿ. ಅಮ್ಮಂದಿರ ದೂರು ಮುಖ್ಯವಾಗಿ ಇದೇ. ಇನ್ನೊಂದು, ಚಳಿ ದೇಶಕ್ಕೆ ಮಾಡಿದ ದಪ್ಪ ಬಟ್ಟೆ ನಮ್ಮ ಏಪ್ರಿಲ್ ಬಿಸಿಲಿಗೆ ಸುಮ್ನೆ ಶಿಕ್ಷೆ. ಬೆಲೆಯಲ್ಲಿ ದೊಡ್ಡ ಕಂಪನಿಯನ್ನು ಸೋಲಿಸಲು ಆಗುವುದಿಲ್ಲ, ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಅಳತೆಯಲ್ಲಿ, ಬಟ್ಟೆಯ ಆಯ್ಕೆಯಲ್ಲಿ, ರಿಪೇರಿಯಲ್ಲಿ ಗೆಲ್ಲಬಹುದು.

ಮೆಷಿನ್ ಕೊಳ್ಳುವ ಮೊದಲು ಕೆಲವು ಭಾನುವಾರ ಬೆಳಗ್ಗೆ ಸವಾರಿ ಶಾಲೆಯ ಬಳಿ ಹೋಗಿ ನಿಂತು ನೋಡಿ. ಕೋಚ್‌ಗೆ ಹೇಳಿ, ಒಪ್ಪಿಗೆ ತಗೊಂಡೇ ಹೋಗಿ. ಪ್ಯಾಂಟ್ ಎಲ್ಲಿ ಸವೆದಿದೆ, ಎಲ್ಲಿ ಹರಿದಿದೆ, ಮಗು ಇಳಿದ ಮೇಲೆ ಎಲ್ಲಿ ಉಜ್ಜಿಕೊಳ್ಳುತ್ತದೆ, ಸೈಸ್‌ಗಳು (ಕುದುರೆ ನೋಡಿಕೊಳ್ಳುವ ಕೆಲಸದವರು) ಏನು ಹಾಕಿಕೊಂಡಿದ್ದಾರೆ, ಎಲ್ಲ ಗಮನಿಸಿ. ಹಳೆಯ ಹರಿದ ಪ್ಯಾಂಟ್ ಇದ್ದರೆ ಕೊಡಿ ಅಂತ ಕೇಳಿ. ಅದನ್ನು ಬಿಚ್ಚಿದರೆ ಸಿಗುವ ಪಾಠ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಏನು ಹೊಲಿಯಬೇಕು, ಏನನ್ನು ಮುಟ್ಟಬಾರದು

ಸವಾರಿ ಪ್ಯಾಂಟ್‌ನಲ್ಲಿ ಎರಡು ಬಗೆ. ಜೋಧ್‌ಪುರ್ ಪ್ಯಾಂಟ್ ಪಾದದ ಗಂಟಿನವರೆಗೆ ಬರುತ್ತದೆ, ಅದಕ್ಕೆ ಗಿಡ್ಡ ಬೂಟು. ಬ್ರೀಚಸ್ ಮೀನಖಂಡದ ಕೆಳಗೆ ಬಿಗಿಯಾಗಿ ಮುಗಿಯುತ್ತದೆ, ಅದಕ್ಕೆ ಮೊಣಕಾಲುದ್ದದ ಬೂಟು. ಕಲಿಯುವ ಮಕ್ಕಳು ಹೆಚ್ಚಾಗಿ ಗಿಡ್ಡ ಬೂಟು ಹಾಕುತ್ತಾರೆ, ಆದ್ದರಿಂದ ನಿಮ್ಮ ಮೊದಲ ಪ್ಯಾಂಟ್ ಮಕ್ಕಳ ಜೋಧ್‌ಪುರ್. ಹೆಸರೇ ಹೇಳುವಂತೆ ಇದು ರಾಜಸ್ಥಾನದ ಕೊಡುಗೆ. ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಹೋದಾಗ ಇಂಗ್ಲೆಂಡಿನವರಿಗೆ ಇದರ ಹುಚ್ಚು ಹಿಡಿಯಿತು. ಆಗ ತೊಡೆಯ ಹತ್ತಿರ ಬಲೂನಿನಂತೆ ಅಗಲ ಇರುತ್ತಿತ್ತು, ಯಾಕೆಂದರೆ ಆಗ ಹಿಗ್ಗುವ ಬಟ್ಟೆ ಇರಲಿಲ್ಲ. ಈಗ ಲೈಕ್ರಾ ಬಂದಿದೆ, ಆ ಬಲೂನು ಹೋಗಿದೆ.

ಹೆಲ್ಮೆಟ್ ಮತ್ತು ಎದೆ ರಕ್ಷಣೆಯ ಜಾಕೆಟ್ ಕಡೆ ಹೋಗಬೇಡಿ. ಇವು ಬಟ್ಟೆ ಅಲ್ಲ, ಜೀವ ಉಳಿಸುವ ಸಾಮಾನು. ಹೆಲ್ಮೆಟ್‌ಗೆ ಎಎಸ್‌ಟಿಎಂ ಎಫ್1163, ಪಿಎಎಸ್ 015 ಅಂತೆಲ್ಲ ಮಾನದಂಡಗಳಿವೆ. ಎದೆ ರಕ್ಷಣೆಗೆ ಇಎನ್ 13158 ಇದೆ. ಲ್ಯಾಬ್ ಪರೀಕ್ಷೆ ಪಾಸಾಗದೆ ಮಾರುವುದು ಮಕ್ಕಳ ತಲೆಯ ಜೊತೆ ಆಟ ಆಡಿದ ಹಾಗೆ. ಯಾರಾದರೂ ‘ಚೀಪಾಗಿ ಮಾಡಿಕೊಡಿ’ ಅಂದರೆ ಇಲ್ಲ ಅನ್ನಿ. ಬೂಟು, ಜೀನು, ಲಗಾಮು ಕೂಡ ಬೇರೆಯದೇ ವಿದ್ಯೆ. ಅದಕ್ಕೆ ಕಾನ್ಪುರ ಇದೆ, ಅಲ್ಲಿನ ಜೀನು ಸಾಮಾನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೇಕಾದರೆ ಮುಂದೆ ಅಲ್ಲಿಂದ ತರಿಸಿ ಮಾರಬಹುದು.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಪಕ್ಕದಲ್ಲೇ ಇದೆ ಅಂತ ರೇಷ್ಮೆ ಬ್ರೀಚಸ್ ಕನಸು ಕಾಣುವವರೂ ಸಿಗುತ್ತಾರೆ. ಬೇಡ. ಜೀನಿನ ಮೇಲೆ ರೇಷ್ಮೆ ಜಾರುತ್ತದೆ, ಬೆವರಿಗೆ ಹಾಳಾಗುತ್ತದೆ. ರೇಷ್ಮೆಗೆ ಜಾಗ ಇದ್ದರೆ ಅದು ಡ್ರೆಸಾಜ್ ಸವಾರರ ಕೊರಳಿನ ಸ್ಟಾಕ್ ಟೈನಲ್ಲಿ ಮಾತ್ರ.

ಬಟ್ಟೆ ಆರಿಸುವುದು

ಬೇಕಾದದ್ದು ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ ಬಟ್ಟೆ, ಅಂಗಡಿಯವರ ಭಾಷೆಯಲ್ಲಿ ಫೋರ್‌ವೇ. ನೈಲಾನ್ ಸ್ಪ್ಯಾಂಡೆಕ್ಸ್ ಅಥವಾ ಪಾಲಿಯೆಸ್ಟರ್ ಸ್ಪ್ಯಾಂಡೆಕ್ಸ್, ತೂಕ ಸುಮಾರು 260ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ). ಅದಕ್ಕಿಂತ ತೆಳ್ಳಗಾದರೆ ಒಳಗಿನದು ಕಾಣುತ್ತದೆ, ತಿಳಿ ಬಣ್ಣದಲ್ಲಂತೂ ಇನ್ನೂ ಜಾಸ್ತಿ. ಕಾಟನ್ ಲೈಕ್ರಾ ಮೈಗೆ ಹಿತ, ಆದರೆ ಮೊಣಕಾಲಿನಲ್ಲಿ ಬೇಗ ಜೋತು ಬೀಳುತ್ತದೆ. ಸೂರತ್, ಲೂಧಿಯಾನ, ತಿರುಪ್ಪೂರಿನ ಮಾಲು ಬೆಂಗಳೂರಿನ ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲೇ ಸಿಗುತ್ತದೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಬಟ್ಟೆ ಕಿಲೋ ಲೆಕ್ಕದಲ್ಲಿ ಅಗ್ಗ. ಸ್ಯಾಂಪಲ್‌ಗೆ ಅದು ಸಾಕು, ಮಾರುವ ಮಾಲಿಗೆ ಬೇಡ, ಯಾಕೆಂದರೆ ಅದೇ ಬಣ್ಣ ಅದೇ ದಪ್ಪ ಇನ್ನೊಮ್ಮೆ ಸಿಗುವ ಗ್ಯಾರಂಟಿ ಇಲ್ಲ.

ಥಾನು ಕೊಳ್ಳುವ ಮೊದಲು ಒಂದು ಮೀಟರ್ ತಂದು ಮನೆಯಲ್ಲೇ ಪರೀಕ್ಷೆ ಮಾಡಿ. ಬಟ್ಟೆಯ ಮೇಲೆ 50 ಸೆಂಟಿಮೀಟರ್ ಚೌಕ ಗುರುತು ಹಾಕಿ, ಮೂರು ಸಲ ತೊಳೆದು ಒಣಗಿಸಿ ಮತ್ತೆ ಅಳೆಯಿರಿ. 48ಕ್ಕಿಂತ ಕೆಳಗೆ ಇಳಿದಿದ್ದರೆ ಆ ಬಟ್ಟೆ ಬಿಡಿ. ಆಮೇಲೆ 10 ಸೆಂಟಿಮೀಟರ್ ತುಂಡನ್ನು 14ರವರೆಗೆ ಎಳೆದು ಹತ್ತು ನಿಮಿಷ ಪಿನ್ ಹಾಕಿ ಇಡಿ. ಬಿಟ್ಟ ಮೇಲೆ ಮೊದಲಿನ ಉದ್ದಕ್ಕೆ ಬರಬೇಕು. ಹಿಗ್ಗುವುದು ಎಲ್ಲ ಬಟ್ಟೆಗೂ ಬರುತ್ತದೆ, ವಾಪಸ್ ಬರುವುದೇ ಮುಖ್ಯ. ಮೂರನೆಯದು ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ. ಕಡು ನೀಲಿ ಪ್ಯಾಂಟಿನ ಬಣ್ಣ ಲಕ್ಷದ ಬೆಲೆಯ ಜೀನಿಗೆ ಅಂಟಿದರೆ ಆ ಶಾಲೆಯ ಗೇಟು ನಿಮಗೆ ಮತ್ತೆ ತೆಗೆಯುವುದಿಲ್ಲ.

ಒಂದು ವಿಷಯ ಟೈಲರ್‌ಗಳಿಗೆ ಹೊಳೆಯುವುದೇ ಇಲ್ಲ: ಸದ್ದು. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿ ನೋಡಿ. ಚರಚರ ಅನ್ನುವ ಬಟ್ಟೆಗೆ ಕೆಲವು ಕುದುರೆಗಳು ಬೆಚ್ಚುತ್ತವೆ. ವೆಲ್ಕ್ರೋ ಬಿಚ್ಚುವ ಶಬ್ದವೂ ಹಾಗೆಯೇ. ಪಟಪಟ ಹಾರುವ ಜಾಕೆಟ್ ತುದಿಯೂ ಹಾಗೆಯೇ.

ಪ್ಯಾಟರ್ನ್: ನಿಂತ ಅಳತೆ ಸಾಲದು

ಇಡೀ ವ್ಯಾಪಾರ ನಿಂತಿರುವುದು ಈ ಹಂತದ ಮೇಲೆ. ಮಾಮೂಲಿ ಪ್ಯಾಂಟ್ ನಿಂತವರಿಗೆ ಹೊಲಿಯುತ್ತೇವೆ. ಸವಾರ ನಿಂತಿರುವುದಿಲ್ಲ. ಕಾಲು ಅಗಲಿಸಿ, ಮೊಣಕಾಲು ಮಡಿಸಿ, ಹಿಮ್ಮಡಿ ಕೆಳಗೆ ಒತ್ತಿ, ಕುದುರೆಯ ಹೆಜ್ಜೆಗೆ ಏಳುತ್ತ ಕೂರುತ್ತ ಇರುತ್ತಾನೆ. ನಿಂತಾಗ ಚೆನ್ನಾಗಿ ಕಾಣುವ ಪ್ಯಾಂಟ್ ಕೂತಾಗ ಹಿಂದೆ ಜಾರುತ್ತದೆ, ಮೊಣಕಾಲಿನ ಹಿಂದೆ ಮಡಿಕೆ ಬೀಳುತ್ತದೆ, ಆ ಮಡಿಕೆ ಅರ್ಧ ಗಂಟೆಯಲ್ಲಿ ಚರ್ಮ ಸುಲಿಯುತ್ತದೆ.

ಹಾಗಾಗಿ ಅಳತೆ ಎರಡು ಸಲ. ನಿಂತಾಗ ಸೊಂಟ, ಸೀಟ್, ತೊಡೆ, ಮೊಣಕಾಲು, ಮೀನಖಂಡ, ಪಾದದ ಗಂಟು, ಒಳಗಾಲಿನ ಉದ್ದ. ಆಮೇಲೆ ಜೀನಿನ ಮೇಲೆ ಕೂರಿಸಿ ಮೂರು ಅಳತೆ: ಮುಂದಿನ ಸೊಂಟದಿಂದ ಕಾಲ ಸಂದಿಯ ಮೂಲಕ ಹಿಂದಿನ ಸೊಂಟದವರೆಗೆ, ಸೊಂಟದಿಂದ ಮೊಣಕಾಲಿನ ಮೇಲಿನವರೆಗೆ, ಮೊಣಕಾಲಿನಿಂದ ಗಂಟಿನವರೆಗೆ. ಕುದುರೆ ಬೇಕಿಲ್ಲ. ಹಳೆಯ ಜೀನೊಂದನ್ನು ಮರದ ಸ್ಟ್ಯಾಂಡಿಗೆ ಬಿಗಿದು ಪಾದ ಇಡುವ ರಿಕಾಪು ನೇತು ಹಾಕಿದರೆ ಸಾಕು. ಅದು ನಿಮ್ಮ ಅಂಗಡಿಯಲ್ಲಿ ಯಾವ ಮೆಷಿನ್‌ಗಿಂತಲೂ ಮೊದಲು ಇರಬೇಕಾದ ಸಾಮಾನು.

ಈ ಅಳತೆಗಳಿಂದ ಪ್ಯಾಟರ್ನ್‌ನಲ್ಲಿ ಆಗುವ ಬದಲಾವಣೆಗಳು ಹೀಗಿರುತ್ತವೆ. ಹಿಂಭಾಗದ ಸೊಂಟ ಮುಂಭಾಗಕ್ಕಿಂತ ಒಂದೂವರೆ ಎರಡು ಇಂಚು ಎತ್ತರ ಇರಬೇಕು, ಇಲ್ಲದಿದ್ದರೆ ಮುಂದೆ ಬಾಗಿದಾಗ ಬೆನ್ನು ಬಯಲು. ಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಸೇರಿದರೆ ಅಲ್ಲೇ ಗಂಟು, ಅಲ್ಲೇ ನೋವು. ಆದ್ದರಿಂದ ಎಲೆ ಆಕಾರದ ಒಂದು ಗಸೆಟ್, ಅಂದರೆ ಹೆಚ್ಚುವರಿ ಬಟ್ಟೆ ತುಂಡು, ಹಾಕಿ ಹೊಲಿಗೆಗಳನ್ನು ಪಕ್ಕಕ್ಕೆ ತಳ್ಳಬೇಕು. ಮೊಣಕಾಲಿನಿಂದ ಕೆಳಗೆ ಒಳಬದಿಯಲ್ಲಿ ಹೊಲಿಗೆ ಇಡಲೇಬೇಡಿ, ಕಾಲು ಕುದುರೆಗೆ ತಾಗುವುದು ಅಲ್ಲೇ. ಹೊಲಿಗೆಯನ್ನು ಹೊರಬದಿಗೆ ತಂದುಬಿಡಿ. ಮೊಣಕಾಲಿನ ಹಿಂದೆ ಬಟ್ಟೆ ಸ್ವಲ್ಪ ಕಡಿಮೆ, ಮುಂದೆ ಸ್ವಲ್ಪ ಜಾಸ್ತಿ.

ಮೊಣಕಾಲಿನ ಪ್ಯಾಚ್ ಎಲ್ಲಿ ಬರಬೇಕು ಅನ್ನುವುದನ್ನು ಪುಸ್ತಕ ನೋಡಿ ಇಡಬೇಡಿ. ಸ್ಯಾಂಪಲ್ ಪ್ಯಾಂಟ್ ಹಾಕಿಸಿ, ಜೀನಿನ ಮೇಲೆ ಕೂರಿಸಿ, ಜೀನಿಗೆ ತಾಗುವ ಜಾಗಕ್ಕೆ ಸೀಮೆಸುಣ್ಣ ಸವರಿ. ಇಳಿದ ಮೇಲೆ ಸುಣ್ಣ ಅಂಟಿದ ಜಾಗವೇ ಪ್ಯಾಚ್‌ನ ಜಾಗ. ಹೆಚ್ಚಿನವರಿಗೆ ಅದು ಮೊಣಕಾಲಿನ ಒಳಬದಿಯಲ್ಲಿ, ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಪ್ಯಾಚ್‌ಗೆ ಅದೇ ಬಟ್ಟೆಯ ಎರಡನೇ ಪದರ, ಕೃತಕ ಸ್ವೀಡ್, ಇಲ್ಲ ಸಿಲಿಕೋನ್ ಪ್ರಿಂಟ್, ಯಾವುದಾದರೂ ಆಗಬಹುದು. ಕಲಿಯುವ ಮಕ್ಕಳಿಗೆ ಮೊಣಕಾಲಿನ ಪ್ಯಾಚ್ ಸಾಕು. ಸೀಟ್ ಪೂರ್ತಿ ಅಂಟುವ ಫುಲ್ ಸೀಟ್ ಡ್ರೆಸಾಜ್ ಮಾಡುವವರಿಗೆ. ಸಿಲಿಕೋನ್ ಪ್ರಿಂಟನ್ನು ಬಟ್ಟೆ ಕತ್ತರಿಸಿದ ಮೇಲೆ, ಹೊಲಿಯುವ ಮೊದಲು, ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಕೊಟ್ಟು ಮಾಡಿಸಬೇಕು ಮತ್ತು ಸರಿಯಾದ ಬಿಸಿಯಲ್ಲಿ ಗಟ್ಟಿ ಮಾಡಿಸಬೇಕು. ಹತ್ತು ಸಲ ತೊಳೆದು, ಎಳೆದು, ಉಗುರಿನಿಂದ ಕೆರೆದು ನೋಡದೆ ಆರ್ಡರ್ ಕೊಡಬೇಡಿ.

ಜೀನ್ಸ್ ಪ್ಯಾಂಟಿನ ಹಾಗೆ ಹಿಂದಿನ ಜೇಬಿಗೆ ರಿವೆಟ್ ಹೊಡೆಯುವ ಚಟ ಇದ್ದರೆ ಬಿಡಿ, ಜೀನಿನ ತೊಗಲು ಗೀರುತ್ತದೆ. ಫೋನ್ ಇಡಲು ತೊಡೆಯ ಪಕ್ಕದಲ್ಲಿ ಒಂದು ಜೇಬು ಕೊಡಿ. ಮಕ್ಕಳ ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆ ಒಳಗೆ ಮಡಿಸಿ ಬಿಡಿ, ಸೊಂಟದಲ್ಲಿ ಗುಂಡಿ ಹಾಕುವ ಎಲಾಸ್ಟಿಕ್ ಇಡಿ. ‘ಮುಂದಿನ ವರ್ಷ ಉದ್ದ ಬಿಚ್ಚಿಕೊಡುತ್ತೇವೆ’ ಅಂದರೆ ಅಮ್ಮಂದಿರ ಮುಖ ಅರಳುತ್ತದೆ, ನೋಡಿ.

ಮೆಷಿನ್ ಮತ್ತು ಕೈ

ಒಂದು ಸಿಂಗಲ್ ನೀಡಲ್ ಮೆಷಿನ್, ಒಂದು ಓವರ್‌ಲಾಕ್, ಒಳ್ಳೆಯ ಇಸ್ತ್ರಿ, ದೊಡ್ಡ ಕಟಿಂಗ್ ಟೇಬಲ್. ಶುರುವಿಗೆ ಇಷ್ಟು. ಜುಕಿ, ಜ್ಯಾಕ್ ಯಾವುದಾದರೂ ಆಗುತ್ತದೆ, ಸೆಕೆಂಡ್ ಹ್ಯಾಂಡ್ ಆದರೂ ಚಿಂತೆ ಇಲ್ಲ. ಆದರೆ ಹಳೆಯ ಕ್ಲಚ್ ಮೋಟರ್ ಇದ್ದರೆ ತೆಗೆಸಿ ಸರ್ವೋ ಮೋಟರ್ ಹಾಕಿಸಿ, ಕರೆಂಟ್ ಬಿಲ್ಲು ಎದ್ದು ಕಾಣುವಷ್ಟು ಇಳಿಯುತ್ತದೆ, ಮನೆಯ ಸಿಂಗಲ್ ಫೇಸ್‌ನಲ್ಲೇ ಓಡುತ್ತದೆ. ಒಳಗಾಲಿಗೆ ಫ್ಲಾಟ್‌ಲಾಕ್ ಹೊಲಿಗೆ ಬೇಕೇ ಬೇಕು, ಅದು ಚಪ್ಪಟೆಯಾಗಿ ಕೂರುತ್ತದೆ. ಆ ಮೆಷಿನ್ ದುಬಾರಿ. ಮೊದಲ ವರ್ಷ ಇರುವವರ ಹತ್ತಿರ ಪೀಸ್ ಲೆಕ್ಕದಲ್ಲಿ ಹೊಲಿಸಿಕೊಳ್ಳಿ. ಜೇಬು, ಜಿಪ್ ತುದಿ ಬಿಚ್ಚದಂತೆ ಹಾಕುವ ಗಟ್ಟಿ ಹೊಲಿಗೆ ಬಾರ್ಟ್ಯಾಕ್ ಕೂಡ ಹಾಗೆಯೇ.

ಸೂಜಿ ಬಾಲ್ ಪಾಯಿಂಟ್ ಇರಬೇಕು, ಚೂಪು ಸೂಜಿ ಲೈಕ್ರಾ ಎಳೆಯನ್ನು ಕತ್ತರಿಸಿ ಸಣ್ಣ ತೂತು ಮಾಡುತ್ತದೆ, ಅದು ಎರಡನೇ ತೊಳೆತಕ್ಕೆ ಕಾಣಿಸುತ್ತದೆ. ಓವರ್‌ಲಾಕ್‌ನ ಲೂಪರ್‌ಗೆ ಉಬ್ಬಿದ ನೈಲಾನ್ ದಾರ, ಮಿಕ್ಕದ್ದಕ್ಕೆ ಪಾಲಿಯೆಸ್ಟರ್. ಕಾಟನ್ ದಾರ ಬೇಡ, ಎಳೆದರೆ ಪಟ್ ಅನ್ನುತ್ತದೆ.

ಇನ್ನು ಕೆಲಸದವರು. ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಹತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಇದ್ದೆ’ ಅಂದ ಅಕ್ಕನಿಗೆ ಇಡೀ ಪ್ಯಾಂಟ್ ಹೊಲಿಯಲು ಬರುತ್ತದೆ ಅಂತ ಅಂದುಕೊಳ್ಳಬೇಡಿ. ಲೈನ್‌ನಲ್ಲಿ ಕೂತವರು ವರ್ಷಗಟ್ಟಲೆ ಒಂದೇ ಆಪರೇಷನ್ ಮಾಡಿರುತ್ತಾರೆ, ಕಾಲರ್ ಅಂದರೆ ಕಾಲರ್, ಜೇಬು ಅಂದರೆ ಜೇಬು. ವೇಗ ಅದ್ಭುತ, ಆದರೆ ಪೂರ್ತಿ ಪೀಸ್ ಬೇರೆ ಮಾತು. ನಿಮಗೆ ಬೇಕಾದವರು ಮಾದರಿ ಪೀಸನ್ನು ಪೂರ್ತಿ ಹೊಲಿಯುವ ಸ್ಯಾಂಪಲಿಂಗ್ ವಿಭಾಗದಲ್ಲಿ ಇದ್ದವರು. ಅಂಥ ಒಬ್ಬರು ಸಿಕ್ಕರೆ ನಾಲ್ಕು ಜನಕ್ಕೆ ಸಮ. ಸಂಬಳದಲ್ಲಿ ಚೌಕಾಶಿ ಮಾಡಬೇಡಿ. ಮಗು ಸಣ್ಣದು, ಬೆಳಗ್ಗೆ ಕಂಪನಿ ಬಸ್ಸಿಗೆ ಹೋಗಲು ಆಗುವುದಿಲ್ಲ ಅಂತ ಮನೆಯಲ್ಲಿ ಉಳಿದ ಸ್ಯಾಂಪಲ್ ಟೈಲರ್‌ಗಳು ಗೌರಿಬಿದನೂರು, ಮಧುಗಿರಿ, ಮಾಲೂರು ಕಡೆ ಇದ್ದಾರೆ. ಅವರಿಗೆ ಸಮಯದ ಸಡಿಲ ಕೊಟ್ಟರೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಪ್ಯಾಟರ್ನ್ ಮತ್ತು ಗ್ರೇಡಿಂಗ್‌ಗೆ (ಒಂದೇ ಪ್ಯಾಟರ್ನನ್ನು ಎಲ್ಲ ಸೈಜಿಗೂ ಹೊಂದಿಸುವುದು) ಬೆಂಗಳೂರಿನ ಪ್ಯಾಟರ್ನ್ ಮಾಸ್ಟರ್ ಒಬ್ಬರಿಗೆ ಒಂದು ಸಲದ ದುಡ್ಡು ಕೊಟ್ಟು ಮಾಡಿಸಿ. ಕಾಗದದ ಪ್ಯಾಟರ್ನ್ ಮತ್ತು ಫೈಲ್ ಎರಡೂ ನಿಮ್ಮ ಕೈಗೆ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಕತ್ತರಿಸುವ ಹಿಂದಿನ ದಿನವೇ ಥಾನು ಬಿಚ್ಚಿ ಸಡಿಲವಾಗಿ ಹರಡಿ ಇಡಿ. ಸುತ್ತಿಟ್ಟ ಸ್ಟ್ರೆಚ್ ಬಟ್ಟೆ ಎಳೆದುಕೊಂಡಿರುತ್ತದೆ, ಹಾಗೇ ಕತ್ತರಿಸಿದರೆ ರಾತ್ರಿ ಕಳೆಯುವುದರಲ್ಲಿ ಪೀಸು ಗಿಡ್ಡವಾಗುತ್ತದೆ.

ಮಾರುವ ಮೊದಲು ಸವೆಸಿ ನೋಡಿ

ಐದಾರು ಪ್ಯಾಂಟ್ ಹೊಲಿದು ಬೇರೆ ಬೇರೆ ಮೈಕಟ್ಟಿನ ಸವಾರರಿಗೆ ಪುಕ್ಕಟೆ ಕೊಡಿ. ಹೊಗಳುವವರಿಗೆ ಕೊಡಬೇಡಿ, ತಕರಾರು ಮಾಡುವವರಿಗೆ ಕೊಡಿ. ದಿನಾ ಕುದುರೆ ಹತ್ತುವ ಕೋಚ್ ಒಬ್ಬರು ಅದರಲ್ಲಿ ಇರಲೇಬೇಕು, ಮಗು ಆರು ತಿಂಗಳಲ್ಲಿ ಸವೆಸುವುದನ್ನು ಅವರು ಆರು ವಾರದಲ್ಲಿ ಸವೆಸುತ್ತಾರೆ. ಎರಡು ತಿಂಗಳ ನಂತರ ಪ್ಯಾಂಟ್ ವಾಪಸ್ ತಗೊಂಡು ಒಳಗು ಹೊರಗು ತಿರುಗಿಸಿ ನೋಡಿ. ಎಲ್ಲಿ ಗುಂಜು ಎದ್ದಿದೆ, ಎಲ್ಲಿ ದಾರ ಬಿಟ್ಟಿದೆ, ಪ್ಯಾಚ್ ಅಂಚು ಎದ್ದಿದೆಯಾ ಅಂತ ಬರೆದಿಟ್ಟುಕೊಳ್ಳಿ. ಅದನ್ನು ತಿದ್ದಿ ಮತ್ತೊಂದು ಸುತ್ತು. ಬೇಜಾರಿನ ಕೆಲಸವೇ, ಆದರೂ ಇದನ್ನು ಬಿಟ್ಟು ಐನೂರು ಪೀಸು ಕತ್ತರಿಸಿದವರ ಗೋದಾಮಿನಲ್ಲಿ ಆ ಐನೂರು ಈಗಲೂ ಇರುತ್ತವೆ.

ಬೆಲೆ ಕಟ್ಟುವುದು ಮತ್ತು ಜಿಎಸ್‌ಟಿಯ ಗೆರೆ

ಒಂದು ದೊಡ್ಡವರ ಬ್ರೀಚಸ್ ಲೆಕ್ಕ ಉದಾಹರಣೆಗೆ ತಗೊಳ್ಳೋಣ. ಅಂಕಿಗಳನ್ನು ನಿಮ್ಮ ದರಕ್ಕೆ ಬದಲಿಸಿಕೊಳ್ಳಿ. 58 ಇಂಚು ಅಗಲದ ಬಟ್ಟೆ 1.2 ಮೀಟರ್, ಮೀಟರಿಗೆ 380 ರೂಪಾಯಿಯಂತೆ 456. ಪ್ಯಾಚ್ 60. ಜಿಪ್, ಹುಕ್ಕು, ಎಲಾಸ್ಟಿಕ್, ದಾರ, ಲೇಬಲ್ ಸೇರಿ 75. ಕಟಿಂಗ್ ಮತ್ತು ಹೊಲಿಗೆ 220. ಇಸ್ತ್ರಿ, ಚೆಕಿಂಗ್, ಪ್ಯಾಕಿಂಗ್ 45. ಇಲ್ಲಿಗೆ 856. ಬಾಡಿಗೆ, ಕರೆಂಟ್ ಮತ್ತು ನಿಮ್ಮ ಸ್ವಂತ ಸಂಬಳಕ್ಕೆ ಪೀಸಿಗೆ 200 ಹಾಕಿದರೆ 1,056. ಹಾಳಾಗುವ ಮಾಲಿಗೆ ನೂರಕ್ಕೆ ಐದರಂತೆ ಸೇರಿಸಿದರೆ ಸುಮಾರು 1,109. ನಿಮ್ಮ ಸಂಬಳ ಹಾಕದೆ ಲೆಕ್ಕ ಮಾಡಿ ‘ಲಾಭ ಇದೆ’ ಅನ್ನುವುದು ಮನೆಮಂದಿಯ ದುಡಿಮೆಯನ್ನು ಪುಕ್ಕಟೆ ತಿಂದ ಹಾಗೆ.

ಇದನ್ನು ನೇರವಾಗಿ 1,900ಕ್ಕೆ ಮಾರಿದರೆ 791 ಉಳಿಯುತ್ತದೆ. ಅದೇ ಪ್ಯಾಂಟನ್ನು ಕುದುರೆ ಸಾಮಾನಿನ ಅಂಗಡಿಗೆ ನೂರಕ್ಕೆ 35 ಕಡಿಮೆ ಮಾಡಿ ಕೊಟ್ಟರೆ ಕೈಗೆ ಬರುವುದು 1,235, ಉಳಿಯುವುದು ಬರೀ 126. ಅದೂ ಸಾಲಕ್ಕೆ ಕೊಟ್ಟು ಮೂರು ತಿಂಗಳು ಕಾದ ಮೇಲೆ. ಅಂಗಡಿಯವರದು ತಪ್ಪಲ್ಲ, ಅವರಿಗೂ ಬಾಡಿಗೆ ಇದೆ. ಅದಕ್ಕೇ ಮೊದಲ ಎರಡು ವರ್ಷ ನೇರ ಮಾರಾಟವೇ ವಾಸಿ.

ಬೆಲೆ ಕಟ್ಟುವಾಗ ಒಂದು ಗೆರೆ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಾದರೆ ಶೇ. 18. ಅಂದರೆ 2,500ರ ಪ್ಯಾಂಟ್‌ಗೆ ಗಿರಾಕಿ 2,625 ಕೊಡುತ್ತಾರೆ, 2,600ರ ಪ್ಯಾಂಟ್‌ಗೆ 3,068. ನೀವು ನೂರು ರೂಪಾಯಿ ಏರಿಸಿದ್ದು ಗಿರಾಕಿಗೆ 443 ಆಯಿತು. ಆದ್ದರಿಂದ ಪ್ಯಾಂಟ್ ಬೆಲೆ ಒಂದೋ 2,500ರ ಒಳಗೆ ಇರಲಿ, ಇಲ್ಲ ಧೈರ್ಯವಾಗಿ ಮೂರೂವರೆ ಸಾವಿರ ದಾಟಲಿ. ಮಧ್ಯೆ ನಿಲ್ಲಬೇಡಿ.

ಕಾಗದ ಪತ್ರ

ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ನಗರಸಭೆ, ಪಾಲಿಕೆ ಅಥವಾ ಪಂಚಾಯಿತಿಯಿಂದ ಟ್ರೇಡ್ ಲೈಸೆನ್ಸ್ ತಗೊಳ್ಳಿ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಒಂದೇ ಒಂದು ಪ್ಯಾಂಟನ್ನು ಹೈದರಾಬಾದಿಗೆ ಮಾರಿದರೂ ಆ ವಿನಾಯಿತಿ ಹೋಗುತ್ತದೆ. ಹಿಂದೂಪುರ ನಮಗೆ ಪಕ್ಕದ ಊರೇ ಇರಬಹುದು, ಕಾನೂನಿಗೆ ಅದು ಬೇರೆ ರಾಜ್ಯ. ಸವಾರರು ದೇಶದ ಎಲ್ಲ ಕಡೆ ಇರುವುದರಿಂದ ಮೊದಲೇ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು, ಬಟ್ಟೆ ಕೊಂಡಾಗ ಕಟ್ಟಿದ ತೆರಿಗೆಯೂ ವಾಪಸ್ ಹೊಂದಿಸಿಕೊಳ್ಳಬಹುದು.

ನಿಮ್ಮ ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನು 25ನೇ ವರ್ಗದಲ್ಲಿ, ಅಂದರೆ ಉಡುಪಿನ ವರ್ಗದಲ್ಲಿ ಹಾಕಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣ. ಲೇಬಲ್ ಮೇಲೆ ನಿಮ್ಮ ಹೆಸರು ವಿಳಾಸ, ಸೈಜು, ಎಂಆರ್‌ಪಿ, ದೂರಿಗೆ ಫೋನ್ ನಂಬರ್, ತೊಳೆಯುವ ವಿಧಾನ ಇರಲಿ.

ಸಾಲಕ್ಕೆ ಎರಡು ದಾರಿ. ಮುದ್ರಾದಲ್ಲಿ ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ. ಈ ವ್ಯಾಪಾರಕ್ಕೆ ಕಿಶೋರ್ ಸರಿಯಾಗಿ ಹೊಂದುತ್ತದೆ. ಇನ್ನೊಂದು ಪಿಎಂಇಜಿಪಿ (ಹೊಸ ಸಣ್ಣ ಉದ್ಯಮಕ್ಕೆ ಸಬ್ಸಿಡಿ ಜೊತೆ ಸಾಲ ಕೊಡುವ ಕೇಂದ್ರದ ಯೋಜನೆ), ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಅದರಲ್ಲಿ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಬ್ಸಿಡಿ, ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ ಮುಂತಾದವರಿಗೆ ನಗರದಲ್ಲಿ 25, ಹಳ್ಳಿಯಲ್ಲಿ 35. ಘಟಕ ಟೌನಿನಲ್ಲಿ ಇಡುವುದಾ ಪಕ್ಕದ ಹಳ್ಳಿಯಲ್ಲಾ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಯೋಚಿಸಿ, ಹತ್ತು ಲಕ್ಷದ ಯೋಜನೆಯಲ್ಲಿ ಅದು ಒಂದು ಲಕ್ಷದ ವ್ಯತ್ಯಾಸ. ಸಬ್ಸಿಡಿ ಬರುತ್ತದೆ ಅಂತ ಬೇಡದ ಮೆಷಿನ್ ತುಂಬಿಕೊಳ್ಳಬೇಡಿ. ಸಾಲ ಸಾಲವೇ, ಅಲ್ವಾ?

ಮಾರುವುದು

ಸವಾರಿ ಶಾಲೆಗಳಿಗೆ ಬೇಸಿಗೆ ರಜೆಯೇ ಸುಗ್ಗಿ. ಏಪ್ರಿಲ್ ಮೇ ಶಿಬಿರಗಳಿಗೆ ಹೊಸ ಮಕ್ಕಳು ಬರುತ್ತಾರೆ, ಆದ್ದರಿಂದ ಮಾರ್ಚ್ ಹೊತ್ತಿಗೆ ಎಲ್ಲ ಸೈಜಿನ ಮಾಲು ರೆಡಿ ಇರಬೇಕು. ದಸರಾ ರಜೆಯಲ್ಲಿ ಇನ್ನೊಂದು ಸಣ್ಣ ಸುತ್ತು. ಶಾಲೆಯವರ ಒಪ್ಪಿಗೆ ತಗೊಂಡು ಶಿಬಿರದ ಮೊದಲ ದಿನ ಒಂದು ಟೇಬಲ್, ಟ್ರಯಲ್‌ಗೆ ಒಂದು ಪರದೆ, ಪ್ರತಿ ಸೈಜಿನ ಎರಡು ಪ್ಯಾಂಟ್ ಇಟ್ಟುಕೊಂಡು ಕೂರಿ. ಹಾಕಿ ನೋಡಲಿ, ನಿಮ್ಮ ಸ್ಟ್ಯಾಂಡಿನ ಮೇಲೆ ಕೂತು ನೋಡಲಿ. ಶಾಲೆಗೆ ಕಮಿಷನ್ ಕೊಡುವ ಬದಲು ಅವರ ಸೈಸ್‌ಗಳಿಗೆ ಗಟ್ಟಿ ಟೀ ಶರ್ಟು ಮತ್ತು ಟ್ರ್ಯಾಕ್ ಪ್ಯಾಂಟ್ ಕಡಿಮೆ ಬೆಲೆಗೆ ಹೊಲಿದುಕೊಟ್ಟರೆ ಸಂಬಂಧ ಉಳಿಯುತ್ತದೆ. ದಿನವಿಡೀ ಕುದುರೆ ನೋಡಿಕೊಳ್ಳುವವರು ಅವರು, ಅವರ ಬಟ್ಟೆ ಬಗ್ಗೆ ಯಾರೂ ಯೋಚಿಸಿರುವುದಿಲ್ಲ.

ದೂರದ ಗಿರಾಕಿಗೆ ವಾಟ್ಸ್ಯಾಪ್ ಮತ್ತು ಇನ್‌ಸ್ಟಾಗ್ರಾಮ್ ಸಾಕು. ಅಳತೆ ತಗೊಳ್ಳುವ ರೀತಿಯನ್ನು ಕನ್ನಡ ಇಂಗ್ಲಿಷ್ ಎರಡರಲ್ಲೂ ಒಂದು ನಿಮಿಷದ ವಿಡಿಯೊ ಮಾಡಿ ಕಳಿಸಿ. ಮಕ್ಕಳ ಫೋಟೊ ಹಾಕುವುದಿದ್ದರೆ ಅಪ್ಪ ಅಮ್ಮನಿಂದ ಬರಹದಲ್ಲೇ ಒಪ್ಪಿಗೆ ತಗೊಳ್ಳಿ. ಸೈಜು ಸರಿ ಬರದಿದ್ದರೆ ಒಂದು ಸಲ ಪುಕ್ಕಟೆ ಬದಲಿಸಿಕೊಡಿ, ಕೊರಿಯರ್ ಖರ್ಚನ್ನು ಬೆಲೆಯಲ್ಲೇ ಸೇರಿಸಿಕೊಂಡಿರಿ. ಮತ್ತು ರಿಪೇರಿ. ಯಾವ ಬ್ರ್ಯಾಂಡಿನ ಸವಾರಿ ಪ್ಯಾಂಟ್ ಆದರೂ ಜಿಪ್, ಪ್ಯಾಚ್, ಹೊಲಿಗೆ ಸರಿ ಮಾಡಿಕೊಡುತ್ತೇವೆ ಅಂತ ಬೋರ್ಡ್ ಹಾಕಿ. ಹತ್ತು ಸಾವಿರದ ವಿದೇಶಿ ಬ್ರೀಚಸ್ ರಿಪೇರಿಗೆ ತಂದವರು ನಿಮ್ಮ ಹೊಲಿಗೆ ನೋಡಿ ಮುಂದಿನದನ್ನು ನಿಮ್ಮ ಹತ್ತಿರವೇ ಹೊಲಿಸುತ್ತಾರೆ, ಜೊತೆಗೆ ಒಳ್ಳೆಯ ಕಂಪನಿಯ ಕೆಲಸ ಬಿಚ್ಚಿ ನೋಡುವ ಅವಕಾಶ ನಿಮಗೆ ರಿಪೇರಿ ದುಡ್ಡಿನ ಜೊತೆಗೇ ಸಿಗುತ್ತದೆ.

ಎರಡನೇ ವರ್ಷದ ಮಾತು

ಪ್ಯಾಂಟ್ ನಿಂತ ಮೇಲೆ ಮುಂದಿನದು ಬಿಸಿಲಿಗೆ ಉದ್ದ ತೋಳಿನ ತೆಳು ಶರ್ಟ್. ಕಂಕುಳ ಕೆಳಗೆ ಜಾಲರಿ ಬಟ್ಟೆ, ಕುತ್ತಿಗೆಗೆ ಎತ್ತರದ ಕಾಲರ್. ಸುಲಭ, ಬೇಗ ಹೋಗುತ್ತದೆ. ಆಮೇಲೆ ಸ್ಪರ್ಧೆಯ ಬಟ್ಟೆ. ಅಂತರರಾಷ್ಟ್ರೀಯ ಜಂಪಿಂಗ್‌ನಲ್ಲಿ ಬ್ರೀಚಸ್ ಬಿಳಿ ಅಥವಾ ತಿಳಿ ಕಂದು ಇರಬೇಕು, ಶರ್ಟಿನ ಕಾಲರ್ ಬಿಳಿ ಇರಬೇಕು ಅಂತೆಲ್ಲ ನಿಯಮ ಇದೆ. ಪ್ರತಿ ವರ್ಷ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ಮತ್ತು ಭಾರತದ ಈಕ್ವೆಸ್ಟ್ರಿಯನ್ ಫೆಡರೇಷನ್‌ನ ನಿಯಮ ತೆಗೆದು ಓದಿ ಆಮೇಲೆ ಕತ್ತರಿ ಹಿಡಿಯಿರಿ. ಬಿಳಿ ಬ್ರೀಚಸ್ ಬೇರೆಯದೇ ತಲೆನೋವು: ಒಳಗಿನದು ಕಾಣಬಾರದು, ಹೊಲಿಯುವಾಗ ಎಣ್ಣೆ ಕಲೆ ಆಗಬಾರದು, ಜೀನಿನ ಕಂದು ಬಣ್ಣ ತೊಳೆದರೆ ಹೋಗಬೇಕು. ಬಿಳಿ ಹೊಲಿಯುವ ಮೆಷಿನ್ ಮೇಲೆ ಆ ದಿನ ಬೇರೆ ಬಣ್ಣ ಕೂರಿಸಲೇಬೇಡಿ.

ಸ್ಪರ್ಧೆಗೆ ಹಾಕುವ ಕೋಟು, ಶೋ ಜಾಕೆಟ್, ಕೊನೆಗೆ ಇಟ್ಟುಕೊಳ್ಳಿ. ಕೋಟು ಹೊಲಿಯುವ ಮಾಸ್ಟರ್ ಬೇಕು, ಭುಜ ಸರಿ ಕೂರಬೇಕು, ಹಿಂದಿನ ಸೀಳು ಜೀನಿನ ಮೇಲೆ ಅಗಲಿಸಿ ಬೀಳಬೇಕು. ಅದು ಬಂದರೆ ಒಂದು ಜಾಕೆಟ್‌ನಲ್ಲಿ ಐದು ಪ್ಯಾಂಟಿನ ಲಾಭ ಇದೆ, ಬಾರದಿದ್ದರೆ ಬಟ್ಟೆಯೂ ಗಿರಾಕಿಯೂ ಎರಡೂ ಹೋದ ಹಾಗೆ.

ಹೊರದೇಶದ ಮಾತು ಬಂದರೆ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಕಚೇರಿ) ಕೊಡುವ ಐಇಸಿ, ಅಂದರೆ ಆಮದು ರಫ್ತು ಕೋಡ್‌ಗೆ ಶುಲ್ಕ 500 ರೂಪಾಯಿ, ತಗೊಂಡಿಟ್ಟುಕೊಂಡರೆ ನಷ್ಟ ಇಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು, ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ. ಯುರೋಪಿನ ಕೊಳ್ಳುಗರು ಕೆಲವು ಅಜೋ ಬಣ್ಣಗಳನ್ನು ಮುಟ್ಟುವುದಿಲ್ಲ, ಅಲ್ಲಿ ಅವು ನಿಷೇಧ. ಬಟ್ಟೆ ಕೊಳ್ಳುವಾಗಲೇ ಮಿಲ್‌ನಿಂದ ಆ ಟೆಸ್ಟ್ ರಿಪೋರ್ಟ್ ಕೇಳಿ ಫೈಲ್‌ನಲ್ಲಿ ಹಾಕಿಡಿ. ಮೊದಲ ವಿದೇಶಿ ಆರ್ಡರ್ ಐವತ್ತು ಪೀಸ್ ದಾಟದಿದ್ದರೆ ಒಳ್ಳೆಯದು, ಮುಂಗಡ ಅರ್ಧ ಬರದೆ ಥಾನಿಗೆ ಕತ್ತರಿ ಹಾಕಬೇಡಿ.